ಪರದೆಯ ಬೆನ್ನಿಗೆ ಬರೆದ ಹೆಸರುಗಳು

ಜಹೀರಾಬಾದಿನ ರೈಲ್ವೆ ಗೇಟಿನ ಆಚೆ, ಪಂಕ್ಚರ್ ಅಂಗಡಿಗೂ ಜೋಳದ ಗಿರಣಿಗೂ ನಡುವೆ ಒಂದು ತಗಡಿನ ಶೆಡ್ ಇದೆ. ಅದರ ಗೋಡೆಗೆ ಏಳು ಜೊತೆ ಕಬ್ಬಿಣದ ಕೊಕ್ಕೆ ಬಡಿದಿದ್ದಾರೆ. ಒಂದೊಂದು ಜೊತೆಯ ಮೇಲೆ ಬಿದಿರ ಗಳಕ್ಕೆ ಸುತ್ತಿದ ಒಂದೊಂದು ಪರದೆ: ಅರಮನೆ, ಬೀದಿ, ಅಡವಿ, ತೋಟ, ಬಡವರ ಮನೆ, ಜೈಲು, ಗುಡಿ. ಸುತ್ತಲಿನ ಊರುಗಳಲ್ಲಿ ಈ ವಾರ ನಾಟಕ ಎಲ್ಲಿದೆ ಎಂದು ತಿಳಿಯಬೇಕಾದವರು ಪೇಪರ್ ನೋಡುವುದಿಲ್ಲ. ಪೇಪರಿನಲ್ಲಿ ಅದು ಬರುವುದೂ ಇಲ್ಲ. ಶೆಡ್ಡಿನ ಮುಂದೆ ಬೈಕು ನಿಲ್ಲಿಸುತ್ತಾರೆ. ಕೊಕ್ಕೆ ಖಾಲಿ ಕಂಡರೆ, "ಯಾವೂರಿಗೆ ಹೋಗ್ಯಾವ ಕಾಕಾ?" ಎಂದು ಕೇಳುತ್ತಾರೆ.

ಉತ್ತರ ಹೇಳುವವರು ಸಾಯಪ್ಪ. ವಯಸ್ಸು ಅರವತ್ತೊಂದು. ನಾಟಕಕ್ಕೆ ಪರದೆ ಬಾಡಿಗೆ ಕೊಡುವುದು, ಒಯ್ದು ಕಟ್ಟುವುದು, ನಾಟಕ ಮುಗಿಯುವ ತನಕ ಹಗ್ಗ ಜಗ್ಗುವುದು ಅವರ ಕೆಲಸ. ಮೂವತ್ತಮೂರು ವರ್ಷದಿಂದ ಅದನ್ನೇ ಮಾಡಿದ್ದಾರೆ. ಆಟ, ಹಾಡು, ಕುಣಿತ ಯಾವಾಗ ಎಲ್ಲಿ ಎಂಬುದು ಅವರಿಗೆ ಬಾಯಿಪಾಠ. ಪಂಚಮಿ ಕಳೆದ ಮೇಲೆ ತಾಂಡೂರ ಕಡೆಯ ಕಲ್ಲುಗಣಿಯ ಊರುಗಳಲ್ಲಿ ನಾಟಕ ಸುರುವಾಗುತ್ತದೆ. ಕಾರ್ತಿಕದಲ್ಲಿ ನಾರಾಯಣಖೇಡದ ಸುತ್ತ ಭಜನೆಯ ಮೇಳಗಳು ಒಂದಕ್ಕೊಂದು ಸವಾಲು ಹಾಕಿ ಕೂಡುತ್ತವೆ. ಚಳಿಗಾಲದಲ್ಲಿ ಪಸ್ತಾಪುರದ ಕಡೆ ಸಿರಿಧಾನ್ಯ ಬೆಳೆಯುವ ಹೆಣ್ಣುಮಕ್ಕಳು ಹಾಡುತ್ತಾರೆ. ಮೊಹರಂ ಬಂದರೆ ಬೆಂಕಿ ಹಾಕುವ ಅಲಾವಿ ಕುಣಿಯ ಸುತ್ತ ಎಲ್ಲ ಜಾತಿಯವರೂ ಕುಣಿಯುತ್ತಾರೆ. ಏಪ್ರಿಲ್ ಹದಿನಾಲ್ಕರ ಭೀಮ ಜಯಂತಿಗೆ ಅವರದೇ ಕೇರಿಯಲ್ಲಿ ಭೀಮನ ಪದ. "ಟಿಕೀಟ ಇಲ್ಲ, ಕುರ್ಚಿ ಇಲ್ಲ, ಚಾದರ ತರ್ರಿ" ಎಂದು ಕೇಳಿದವರಿಗೆ ಹೇಳುತ್ತಾರೆ.

ಹಳದವಾಡಿಯ ಹೆಸರನ್ನು ಈಗ ಅವರು ಹೇಳುವುದಿಲ್ಲ.

ಹಳದವಾಡಿ ಅವರ ಸ್ವಂತ ಊರು. ಮೊಗುಡಂಪಲ್ಲಿ ಮಂಡಲದಲ್ಲಿದೆ. ಊರಿನಿಂದ ಎರಡು ಕಿಲೋಮೀಟರ್ ನಡೆದರೆ ರಾಜ್ಯದ ಗಡಿ, ಆಚೆ ಬೀದರ ಜಿಲ್ಲೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಸ್ಸಿನಲ್ಲಿ ಉರ್ದು, ಸಂತೆಯಲ್ಲಿ ಮೂರೂ. ನಾಟಕ ಮಾತ್ರ ಕನ್ನಡ. ಸಾಯಪ್ಪನವರ ತಂದೆ ರಾಮುಲು ಹಲಗೆ ಬಾರಿಸುತ್ತಿದ್ದರು. ನಾಟಕದ ದಿನ ಊರು ಸುತ್ತಿ ಸಾರುವ ಕೆಲಸ ಅವರದು. ಸಾರಿ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ, ಎಲ್ಲರಿಗಿಂತ ದೂರ ಕುಳಿತು ನೋಡುತ್ತಿದ್ದರು.

೧೯೮೬ರಲ್ಲಿ ಊರಿನವರು ನಾಟಕಕ್ಕೆಂದೇ ಒಂದು ಕಟ್ಟೆ ಕಟ್ಟಿದರು. ತಾಂಡೂರಿನಿಂದ ಎರಡು ಲಾರಿ ಫರಸಿ ಹಾಸುಗಲ್ಲು ಬಂತು. ಬುನಾದಿ ಅಗೆದು ಕಲ್ಲು ಹೊತ್ತವರು ರಾಮುಲು ಮತ್ತು ಅವರ ಕೇರಿಯ ಹನ್ನೊಂದು ಮಂದಿ. ಊರ ಕಟ್ಟೆ ಎಂದು ಕೂಲಿ ಕೇಳಲಿಲ್ಲ. ಕಟ್ಟೆ ಎದ್ದ ಮೇಲೆ ಮೊದಲ ನಾಟಕಕ್ಕೆ ಪಾತ್ರ ಹಂಚುವ ದಿನ ಸಾಯಪ್ಪ ಹೋಗಿ ನಿಂತರು. ಆಗ ಅವರಿಗೆ ಇಪ್ಪತ್ತಮೂರು. ಪಾತ್ರ ಹಂಚುತ್ತಿದ್ದವರು ಲಿಂಗಾಯತ ಪಟೇಲರ ಮನೆಯ ವೀರಪ್ಪ. ಸಾಯಪ್ಪನವರಿಗಿಂತ ನಾಲ್ಕೈದು ವರ್ಷ ದೊಡ್ಡವರು, ಯಾವಾಗಲೂ ಹೀರೊ.

"ನನಗೂ ಒಂದ್ ಪಾರ್ಟ್ ಕೊಡ್ರಿ ಪಟೇಲ್ರ."

"ಪಾರ್ಟ್ ಮಾಡಿದ್ರ ಒಂದ್ ಸೀನಿನಾಗ ಇರ್ತಿ ಸಾಯಾ. ಹಗ್ಗ ಹಿಡದ್ರ ಪೂರಾ ನಾಟಕದಾಗ ಇರ್ತಿ."

ಕೂತವರು ನಕ್ಕರು. ಸಾಯಪ್ಪನವರೂ ನಕ್ಕರು. ಅದು ಬೈಗುಳವಾಗಿರಲಿಲ್ಲ, ಹಾಗಾಗಿ ಎದುರು ಮಾತು ಆಡುವಂತೆಯೂ ಇರಲಿಲ್ಲ. ಅಂದಿನಿಂದ ಅವರು ಹಗ್ಗ ಹಿಡಿದರು.

ಹಗ್ಗದ ಕೆಲಸ ಸಣ್ಣದಲ್ಲ. ಯಾವ ಮಾತಿಗೆ ಪರದೆ ಏಳಬೇಕು, ಯಾವ ಅಳುವಿಗೆ ನಿಧಾನ ಇಳಿಯಬೇಕು ಎಂದು ಗೊತ್ತಿರಬೇಕು. ಗೊತ್ತಿರಬೇಕೆಂದರೆ ಎಲ್ಲರ ಮಾತೂ ಬಾಯಿಗೆ ಬರಬೇಕು. ಸಾಯಪ್ಪನವರಿಗೆ ಬಂತು. ೧೯೯೧ರಲ್ಲಿ ಬೀದರದಲ್ಲಿ ಬಾಗಿಲು ಹಾಕಿದ ಒಂದು ನಾಟಕ ಕಂಪನಿಯ ಹಳೆಯ ಏಳು ಪರದೆಗಳನ್ನು ಕೊಂಡರು. ಅಲ್ಲಿಯ ಪೇಂಟರ್ ಮೌನೇಶ ಎಂಬವರ ಹತ್ತಿರ ಮೂರು ತಿಂಗಳು ಇದ್ದು, ಹರಿದದ್ದನ್ನು ಹೊಲಿಯುವುದು, ಬಣ್ಣ ತುಂಬುವುದು, ಬೆನ್ನಿಗೆ ಸುಣ್ಣದಂಥ ಬಿಳಿ ಖಡಿಮಣ್ಣು ಬಳಿಯುವುದು ಕಲಿತರು. ಖಡಿಮಣ್ಣಿಗೆ ಜಾಲಿಯ ಅಂಟು ಕೂಡಿಸಿ ಪರದೆಯ ಹಿಂಬದಿಗೆ ದಪ್ಪಗೆ ಬಳಿದರೆ ಹಿಂದಿನ ಬೆಳಕು ಮುಂದೆ ಬರುವುದಿಲ್ಲ. ಒಳಗೆ ಬಟ್ಟೆ ಬದಲಿಸುವವರ ನೆರಳು ಮಂದಿಗೆ ಕಾಣುವುದಿಲ್ಲ.

ಕಂಪನಿಯವರು ಬಳಿದಿದ್ದ ಖಡಿ ಕೆಲವು ವರ್ಷಕ್ಕೆ ಉದುರಿತು. ಉದುರಿದ ಜಾಗದಲ್ಲಿ ಬರವಣಿಗೆ ಸುರುವಾಯಿತು. ಯಾವ ಊರಿನವರು ಮೊದಲು ಬರೆದರೋ ಯಾರಿಗೂ ನೆನಪಿಲ್ಲ. ನಾಟಕ ಮುಗಿದು ಬೆಳಗಾದ ಮೇಲೆ ಪಾತ್ರಧಾರಿಗಳು ಪರದೆಯ ಹಿಂದೆ ಹೋಗಿ, ಮುಖದ ಬಣ್ಣ ಒರೆಸುವ ಮೊದಲೇ, ಊರ ಹೆಸರು, ತಾರೀಖು, ನಾಟಕದ ಹೆಸರು, ಯಾರ ಪಾತ್ರ ಯಾವುದು ಎಂದು ಇದ್ದಿಲಿನಲ್ಲೋ ಕೆಮ್ಮಣ್ಣಿನಲ್ಲೋ ಪೆನ್ನಿನಲ್ಲೋ ಬರೆದಿಡುವುದು ಪದ್ಧತಿಯಾಯಿತು. ಕೊನೆಯ ಸೀನು ಸಾಮಾನ್ಯವಾಗಿ ಅರಮನೆಯೇ ಆದ್ದರಿಂದ ಬರಹವೆಲ್ಲ ಅರಮನೆ ಪರದೆಯ ಬೆನ್ನಿಗೇ. ಹಳಬರು ಕನ್ನಡದಲ್ಲಿ ಬರೆದರು. ತೆಲುಗು ಶಾಲೆಗೆ ಹೋದ ಹುಡುಗರು ತೆಲುಗು ಅಕ್ಷರದಲ್ಲಿ ಬರೆದರು. ಹದಿನೆಂಟು ಅಡಿ ಉದ್ದ, ಹನ್ನೆರಡು ಅಡಿ ಎತ್ತರದ ಬಟ್ಟೆ ತುಂಬುತ್ತ ಬಂತು. ಮುಂದಿನಿಂದ ಅರಮನೆ, ಹಿಂದಿನಿಂದ ಮೂವತ್ತು ವರ್ಷದ ನಾಟಕಗಳ ಪಟ್ಟಿ.

ಹಗ್ಗ ಜಗ್ಗಿದವರ ಹೆಸರು ಬರೆಯುವ ಪದ್ಧತಿ ಇರಲಿಲ್ಲ.

ಒಂದೇ ಕಡೆ ಸಾಯಪ್ಪನವರ ಹೆಸರಿತ್ತು. ೧೯೯೮ರ ಡಿಸೆಂಬರಿನಲ್ಲಿ ಕಲ್ಹೇರ್ ಹತ್ತಿರದ ಒಂದು ಹಳ್ಳಿಯಲ್ಲಿ 'ನ್ಯಾಯಕ್ಕೆ ನಿಂತ ನಾದಿನಿ' ಎಂಬ ನಾಟಕ. ದೇಸಾಯಿಯ ಪಾತ್ರದವನಿಗೆ ಜ್ವರ ಏರಿ ಗಂಟಲು ಕಟ್ಟಿತು. ಮಂದಿ ಬಂದು ಕೂತಿದ್ದರು. ನಾಟಕ ಕಲಿಸಿದ ಮಾಸ್ತರರು ತಲೆಯ ಮೇಲೆ ಕೈ ಹೊತ್ತಾಗ ಸಾಯಪ್ಪ, "ನನಗ ಬರ್ತದ್ರಿ" ಎಂದರು. ಆ ಊರಿನವರಿಗೆ ಅವರ ಕೇರಿ ಯಾವುದೆಂದು ಗೊತ್ತಿರಲಿಲ್ಲ. ಕೇಳಲು ಹೊತ್ತೂ ಇರಲಿಲ್ಲ. ಜರಿಯ ಪಟಗ ಕಟ್ಟಿ, ಮೀಸೆ ಅಂಟಿಸಿ ನಿಲ್ಲಿಸಿದರು. ಬೆಳಗಾದ ಮೇಲೆ ಯಾರೋ ಅರಮನೆಯ ಬೆನ್ನಿಗೆ ನೀಲಿ ಬಣ್ಣದಲ್ಲಿ ಬರೆದರು: 'ದೇಸಾಯಿ: ಶ್ರೀ ಸಾಯಪ್ಪ ರಾಮುಲು'. ತಂದೆಯ ಹೆಸರಿನ ಹತ್ತಿರ 'ಶ್ರೀ' ಎಂಬ ಅಕ್ಷರವನ್ನು ಅವರು ನೋಡಿದ್ದು ಅದೇ ಮೊದಲು.

೨೦೨೪ರ ಜನವರಿಯಲ್ಲಿ ಹಳದವಾಡಿಯ ಪಂಚಾಯಿತಿಯವರು ಕಟ್ಟೆ ಒಡೆದು ಐದು ದುಕಾನು ಕಟ್ಟುವ ಮಾತೆತ್ತಿದರು. ಕಟ್ಟೆ ಇದ್ದದ್ದು ಬಸ್ಸು ನಿಲ್ಲುವ ಜಾಗದ ಎದುರಿಗೆ, ಬೇಡಿಕೆಯ ಜಾಗ. ಅದೇ ತಿಂಗಳು ಸಾಯಪ್ಪನವರ ಮಗಳು ಧಮ್ಮಶೀಲಾ ಒಂದು ಸುದ್ದಿ ತಂದರು. ಅವರು ಮೊಗುಡಂಪಲ್ಲಿಯ ಅಂಗನವಾಡಿಯಲ್ಲಿ ಟೀಚರ್. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯಲ್ಲಿ ನಾಟಕ, ಸಂಗೀತ, ಕುಣಿತವನ್ನು ಕಣ್ಣೆದುರಿಗೆ ನೋಡಬಹುದಾದ ಜಾಗಗಳನ್ನು ಕೂಡಿಸಿ ಸರಕಾರದವರು ಒಂದು ಪುಸ್ತಕ ಮಾಡುತ್ತಿದ್ದಾರೆ, ಹೊರಗಿನವರು ಓದಿಕೊಂಡು ಬರಲಿ ಎಂದು. ಪುಸ್ತಕದಲ್ಲಿ ಸೇರಿದ ಕಟ್ಟೆಗಳಿಗೆ ತಗಡಿನ ಮಾಡು ಮತ್ತು ದೀಪ ಕೊಡುತ್ತಾರೆ. ಸೇರಬೇಕಾದರೆ ಕಳೆದ ಹತ್ತು ವರ್ಷದಲ್ಲಿ ಆ ಕಟ್ಟೆಯ ಮೇಲೆ ಐದು ಪ್ರದರ್ಶನವಾದರೂ ಆಗಿರಬೇಕು. ಅದಕ್ಕೆ ಪುರಾವೆ ಬೇಕು.

ಸರಪಂಚರು ಒಂದು ಮಾತು ಕೊಟ್ಟರು: "ಪುಸ್ತಕದಾಗ ಬಂತಂದ್ರ ಕಟ್ಟಿಗಿ ಕೈ ಹಚ್ಚಂಗಿಲ್ಲ. ಬರ್ಲಿಲ್ಲಂದ್ರ ನನಗ ಕೇಳಬ್ಯಾಡ್ರಿ."

ಊರು ಎದ್ದು ಕೂತಿತು. ಹತ್ತು ವರ್ಷದಲ್ಲಿ ಆ ಕಟ್ಟೆಯ ಮೇಲೆ ಏಳು ನಾಟಕ ಆಗಿದ್ದವು. ಯಾರಿಗೂ ಸಂಶಯವಿರಲಿಲ್ಲ. ಧಮ್ಮಶೀಲಾ ಅರ್ಜಿ ತುಂಬಿದರು. ವೀರಪ್ಪನವರು ಊರಿನ ಪರವಾಗಿ ಸಹಿ ಮಾಡಿದರು. ಪುರಾವೆಗೆ ಏನು ಕೊಡುವುದು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಒಂದೇ ಮಾತು ಹೇಳಿದರು: ಹ್ಯಾಂಡ್‌ಬಿಲ್. ಸಾಯಪ್ಪನವರ ಶೆಡ್ಡಿನಲ್ಲಿ ಒಂದು ಟ್ರಂಕು ತುಂಬ ಇದ್ದವು. ಅದರಲ್ಲಿ ಹಳದವಾಡಿಯ ಹೆಸರಿದ್ದದ್ದನ್ನೆಲ್ಲ ಆರಿಸಿ ಒಂದು ಕವರಿಗೆ ಹಾಕಿದರು. ಮೊಬೈಲುಗಳಲ್ಲೂ ಹುಡುಕಿದರು. ಹಳೆಯ ಫೋನು ಕೆಟ್ಟಿದ್ದವು, ಮಾರಿದ್ದವು. ಸಿಕ್ಕದ್ದು ೨೦೨೨ ಮತ್ತು ೨೦೨೩ರ ಎರಡು ನಾಟಕಗಳ ವಿಡಿಯೋ. ಎರಡು ಇದಾವೆ, ಉಳಿದದ್ದಕ್ಕೆ ಹ್ಯಾಂಡ್‌ಬಿಲ್ ಇದಾವೆ ಎಂದು ಲೆಕ್ಕ ಮುಗಿಸಿದರು. ಅಧಿಕಾರಿಗಳು ಫೆಬ್ರುವರಿಯ ಒಂದು ಭಾನುವಾರ ಸಂಜೆ ನೋಡಲು ಬರುತ್ತಾರೆ, ಒಂದು ಸೀನು ಮಾಡಿ ತೋರಿಸಿ ಎಂದು ಸರಕಾರದ ಕಚೇರಿಯಿಂದ ತಿಳಿಸಿದರು.

ತೊಂದರೆ ಬಂದದ್ದು ಉಮಾಬಾಯಿಯಿಂದ. ಸುತ್ತಲಿನ ಊರುಗಳ ನಾಟಕಗಳಿಗೆ ಕಲಬುರಗಿಯಿಂದ ಬಂದು ಹೆಣ್ಣಿನ ಪಾತ್ರ ಮಾಡುವವರು ಅವರು. ಹಿಂದಿನ ವರ್ಷ ಹಳದವಾಡಿಯಲ್ಲಿ, ಹಿಂದೆ ಇಟ್ಟಿದ್ದ ಎಲ್‌ಇಡಿ ದೀಪದ ಬೆಳಕಿಗೆ, ಅವರು ಸೀರೆ ಬದಲಿಸುವ ನೆರಳು ಅರಮನೆಯ ಮೇಲೆ ಮೂಡಿತ್ತು. ಹುಡುಗರು ಸಿಳ್ಳೆ ಹೊಡೆದರು. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಕಳಿಸಿಯೂ ಬಿಟ್ಟಿದ್ದರು.

"ಐವತ್ತು ವರ್ಷದ ಹೆಣ್ಮಗಳು ನಾನು" ಎಂದರು ಉಮಾಬಾಯಿ ಫೋನಿನಲ್ಲಿ. "ನಿಮ್ಮ ಪರದಾ ಅದನೋ, ಸೊಳ್ಳೀಪರದಾನೋ? ಖಡಿ ಬಳದ್ರ ಬರ್ತೀನಿ ಸಾಯಪ್ಪಣ್ಣ. ಇಲ್ಲಂದ್ರ ನಿಮ್ಮ ಪಟೇಲ್ರಿಗೇ ಸೀರಿ ಉಡಿಸ್ರಿ."

ವೀರಪ್ಪನವರದೂ ಅದೇ ಮಾತು. "ಸಾಹೇಬ್ರು ಬರಾಕತ್ತಾರ. ಹಿಂದ ಮುಂದ ಸಾಫ್ ಇರಬೇಕು ನೋಡು ಸಾಯಾ. ಇಜ್ಜತಿನ ಮಾತು."

ಸಾಯಪ್ಪ ಮೂರು ದಿನ ಮೊದಲು ಅರಮನೆಯನ್ನು ಶೆಡ್ಡಿನ ಮುಂದಿನ ಬಯಲಲ್ಲಿ ಬೋರಲು ಹಾಸಿದರು. ಹೆಂಡತಿ ಯಶೋಧಾ ಕೊಪ್ಪರಿಗೆಯಲ್ಲಿ ಅಂಟು ಕಾಯಿಸಿ ಖಡಿಮಣ್ಣು ಕಲಸಿದರು. ಬೆನ್ನ ತುಂಬ ಬರಹ. ವೀರಪ್ಪನವರ ಹೆಸರೇ ಹದಿನೆಂಟು ಕಡೆ ಇತ್ತು. ಹಾಸ್ಯಗಾರ ಮಾಳಿಂಗಪ್ಪ ತಮ್ಮ ಹೆಸರಿನ ಪಕ್ಕ ಪ್ರತಿ ಸಲವೂ ಒಂದು ಕತ್ತೆಯ ಚಿತ್ರ ಬರೆದಿದ್ದರು. ಯಶೋಧಾ ಸೌಟು ಹಿಡಿದು ನಿಂತರು.

"ಬರದದ್ದೆಲ್ಲಾ ಮುಚ್ಚಿ ಹೋಗ್ತದಲ್ರಿ?"

"ಹೋಗ್ಲಿ ಬಿಡು. ಯಾರದ ಹೆಸರ ಯಾರಿಗಿ ಬೇಕಾಗ್ಯಾದ? ಅವರವರ ಹೆಸರ ಅವರವರಿಗಿ ಗೊತ್ತದ."

ಎಡದಿಂದ ಸುರು ಮಾಡಿದರು. ಮೊದಲು ತೆಳ್ಳಗೆ ಒಂದು ಸಲ. ಅದು ಒಣಗಿದ ಮೇಲೆ ದಪ್ಪಗೆ ಇನ್ನೊಂದು ಸಲ. ಇದ್ದಿಲು, ಕೆಮ್ಮಣ್ಣು, ಪೆನ್ನಿನ ಶಾಯಿ ಒದ್ದೆಗೆ ಕದಡಿ ಬಿಳಿಯಲ್ಲಿ ಬೂದು ಗೆರೆಗಳಾಗಿ ಎಳೆದುಕೊಂಡು ಹೋದವು. ಎರಡನೆಯ ಸಲಕ್ಕೆ ಅವೂ ಮರೆಯಾದವು. ನಡುವೆ, ಮುಂದಿನ ಚಿತ್ರದ ಎರಡು ಕಂಬಗಳ ನಡುವಿನ ಬೆನ್ನಿಗೆ ಬರುವ ಒಂದು ಜಾಗದಲ್ಲಿ ಕುಂಚ ನಿಂತಿತು. ಒಂದು ಗೇಣು ಅಗಲ, ಅರ್ಧ ಗೇಣು ಎತ್ತರ. ಅದರ ಸುತ್ತ ಬಳಿದು ಮುಂದೆ ಹೋದರು.

"ಇದ್ಯಾಕ ಬಿಟ್ರಿ?"

"ಅಲ್ಲಿ ಬಟ್ಟಿ ದಪ್ಪ ಅದ."

ಯಶೋಧಾ ಓದಿದವರಲ್ಲ. ಆದರೆ ಇಪ್ಪತ್ತೈದು ವರ್ಷದಿಂದ ಆ ನೀಲಿ ಗೆರೆಗಳು ಏನೆಂದು ಅವರಿಗೆ ಗೊತ್ತಿತ್ತು. "ಹೌದು ಹೌದು, ಭಾಳ ದಪ್ಪ ಅದ" ಎಂದು ನಕ್ಕು, ಕೊಪ್ಪರಿಗೆ ಎತ್ತಿಕೊಂಡು ಒಳಗೆ ಹೋದರು.

ಭಾನುವಾರ ಸಂಜೆ ಆರೂವರೆಗೆ ಜೀಪು ಬಂತು. ಅಧಿಕಾರಿ ನಲವತ್ತರ ಹೆಣ್ಣುಮಗಳು, ಜೊತೆಗೆ ಒಬ್ಬ ಗುಮಾಸ್ತ. ಊರಿಗೆ ಊರೇ ಚಾದರ ಹಾಸಿ ಕೂತಿತ್ತು. ಕಟ್ಟೆಯ ಮೇಲೆ ಅರಮನೆ ಇಳಿದಿತ್ತು. ಅರವತ್ತೈದು ದಾಟಿದ ವೀರಪ್ಪನವರು ಕಿರೀಟ ಹಾಕಿ ಸಿಂಹಾಸನದ ಮೇಲೆ, ಸೇವಕನಾಗಿ ಮಾಳಿಂಗಪ್ಪ, ಬದಿಯಲ್ಲಿ ಹಗ್ಗ ಹಿಡಿದು ಸಾಯಪ್ಪ. ಹಿಂದೆ ಉಮಾಬಾಯಿ ಸಿಂಗಾರ ಮಾಡಿಕೊಳ್ಳಲು ಎಲ್‌ಇಡಿ ಹಾಕಿದರು. ಅವರ ನೆರಳು ಬೀಳಲಿಲ್ಲ. ಆದರೆ ಎರಡು ಕಂಬಗಳ ನಡುವೆ ಗೇಣುದ್ದದ ಒಂದು ಚೌಕ ಝಗ್ ಎಂದು ಹೊತ್ತಿಕೊಂಡಿತು. ಅದರೊಳಗೆ ಅಕ್ಷರಗಳು, ತಿರುಗುಮುರುಗಾಗಿ.

ಮಂದಿ ಗುಜುಗುಜು ಎಂದರು. ಮಾಳಿಂಗಪ್ಪ ಬಿಡಲಿಲ್ಲ. "ಮಹಾರಾಜ್ರ, ಅರಮನಿಗಿ ಖಿಡಕಿ ಯಾವಾಗ ಇಡಿಸೀರಿ? ಹೊರಗಿಂದ ಯಾರೋ ನಿಮ್ಮ ರಾಣಿಗಿ ಚೀಟಿ ಬರದಾರಲ್ರಿ!"

ನಗೆ ಎದ್ದಿತು. ಅಧಿಕಾರಿಯೂ ನಕ್ಕರು. ಸಾಯಪ್ಪ ಹಗ್ಗವನ್ನು ಬಿಗಿಯಾಗಿ ಹಿಡಿದು ನೆಲ ನೋಡುತ್ತಿದ್ದರು. ಸೀನು ಚೆನ್ನಾಗಿ ಬಂತು. ಉಮಾಬಾಯಿ ಹಾಡಿದಾಗ ಅಧಿಕಾರಿ ತಮ್ಮ ಫೋನು ತೆಗೆದು ಹಿಡಿದರು. ಮುಗಿದ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿ, ಇಂಥ ಜಾಗ ಪುಸ್ತಕದಲ್ಲಿ ಇರಲೇಬೇಕು ಎಂದು ತೆಲುಗಿನಲ್ಲಿ ಹೇಳಿದರು. ಆಮೇಲೆ ಪುರಾವೆ ಕೇಳಿದರು.

ಧಮ್ಮಶೀಲಾ ಎರಡು ವಿಡಿಯೋ ತೋರಿಸಿ, ಹ್ಯಾಂಡ್‌ಬಿಲ್ಲಿನ ಕವರು ಕೊಟ್ಟರು. ಗುಮಾಸ್ತ ಒಂದೊಂದೇ ತಾರೀಖು ಬರೆದುಕೊಳ್ಳುತ್ತ ಹೋದವನು ಒಂದು ಕಡೆ ನಿಂತ.

"ಇದು ೨೦೨೦ರ ಏಪ್ರಿಲ್. ಲಾಕ್‌ಡೌನಿನಲ್ಲಿ ನಾಟಕ ಆಡಿದಿರಾ?"

ಆ ಸಲ ಹ್ಯಾಂಡ್‌ಬಿಲ್ ಮಾರ್ಚಿನಲ್ಲೇ ಅಚ್ಚಾಗಿತ್ತು. ನಾಟಕ ಆಗಲಿಲ್ಲ. ಕಾಗದ ಟ್ರಂಕಿನಲ್ಲಿ ಉಳಿಯಿತು. ಹಳದವಾಡಿಯ ಹೆಸರು ಕಂಡದ್ದನ್ನೆಲ್ಲ ಆರಿಸುವಾಗ ಅದೂ ಕವರಿಗೆ ಬಂದಿತ್ತು. ಗುಮಾಸ್ತ ಅಧಿಕಾರಿಯ ಕಡೆ ನೋಡಿದ. ಅಧಿಕಾರಿ ಕವರು ವಾಪಸು ಕೊಟ್ಟರು. ಬೇಸರದಿಂದಲೇ ಹೇಳಿದರು: ಹ್ಯಾಂಡ್‌ಬಿಲ್ ಇದ್ದರೆ ಅಚ್ಚು ಹಾಕಿಸಿದ್ದು ಗೊತ್ತಾಗುತ್ತದೆ, ಆಡಿದ್ದು ಗೊತ್ತಾಗುವುದಿಲ್ಲ. ತಾಂಡೂರ ಕಡೆಯ ಒಂದು ಭಜನೆ ಮೇಳದವರು ಇಪ್ಪತ್ತು ವರ್ಷದ ಹಾಜರಿ ಪುಸ್ತಕ ತೋರಿಸಿದರು. ಹಾಗೆ ಆಯಾ ದಿನವೇ, ಆಡಿದವರೇ ಬರೆದಿಟ್ಟದ್ದು ಏನಾದರೂ ಇದೆಯೇ?

ಮಾಳಿಂಗಪ್ಪ ಮುಂದೆ ನುಗ್ಗಿದರು. "ಅದಲ್ರೀ ಮೇಡಂ! ಪರದಾದ ಹಿಂದ! ಪ್ರತಿ ನಾಟಕ ಮುಗದ ಮ್ಯಾಲ ಬರದೀವಿ. ತಾರೀಖ, ಹೆಸರ, ಪೂರಾ. ನನ್ನ ಕತ್ತಿನೂ ಅದ!"

ಅಧಿಕಾರಿಯ ಮುಖ ಅರಳಿತು. ಅದಕ್ಕಿಂತ ದೊಡ್ಡ ಪುರಾವೆ ಯಾವುದು, ಫೋಟೋ ತೆಗೆದುಕೊಂಡೇ ಹೋಗುತ್ತೇನೆ ಎಂದು ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದರು. ವೀರಪ್ಪನವರು ಕಿರೀಟ ಕಂಕುಳಲ್ಲಿ ಇಟ್ಟುಕೊಂಡು ದಾರಿ ತೋರಿಸಿದರು. ಊರಿನ ಅರ್ಧ ಮಂದಿ ಹಿಂದೆಯೇ ಬಂದರು. ಸಾಯಪ್ಪ ಹಗ್ಗ ಬಿಟ್ಟಿರಲಿಲ್ಲ.

ಎಲ್‌ಇಡಿಯ ಬೆಳಕಿನಲ್ಲಿ ಪರದೆಯ ಬೆನ್ನು ಹೊಸ ಧೋತರದಷ್ಟು ಬಿಳಿಯಾಗಿತ್ತು. ನಡುವೆ ಒಂದು ಚೌಕ.

ವೀರಪ್ಪನವರು ಹತ್ತಿರ ಹೋಗಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ದೇಸಾಯಿ. ಶ್ರೀ. ಸಾಯಪ್ಪ. ರಾಮುಲು."

ಗುಮಾಸ್ತ ಉಗುರಿನಿಂದ ಒಂದು ಮೂಲೆ ಕೆರೆದ. ಖಡಿ ಉದುರಿತು, ಅದಕ್ಕೆ ಅಂಟಿದ್ದ ಇದ್ದಿಲೂ ಅದರೊಡನೆ ಉದುರಿತು. ಯಾರೋ ನೀರು ತಂದು ಒರೆಸಿದರು. ಬೂದು ರಾಡಿ ಇಳಿಯಿತು. ಅಷ್ಟರಲ್ಲಿ 'ವೀ' ಎಂಬ ಒಂದು ಅಕ್ಷರ ಕಂಡಿತು ಎಂದು ಕೆಲವರು ಹೇಳಿದರು. ಕಾಣಲಿಲ್ಲ ಎಂದು ಕೆಲವರು.

"ಊರ ಹೆಸರೆಲ್ಲಾ ಅಳಿಸಿ ನಿಂದೊಂದು ಉಳಿಸ್ಕೊಂಡ್ಯಲ್ಲೋ" ಎಂದರು ವೀರಪ್ಪ. ಧ್ವನಿ ಏರಿಸಲಿಲ್ಲ. "ಅದೂ ನಮ್ಮೂರ ನಾಟಕದ್ದಲ್ಲ."

"ಪಟೇಲ್ರ, ಸಾಫ್ ಇರಬೇಕಂದವ್ರು ನೀವೇ..."

"ನಾ ಸಾಫ್ ಮಾಡಂದೆ. ಆರಿಸಿ ಅಳಸಂತ ಅಂದಿಲ್ಲ."

ಖಡಿ ಬಳಿಯದಿದ್ದರೆ ಬರುವುದಿಲ್ಲ ಎಂದಿದ್ದೆ, ತಪ್ಪು ನಂದೂ ಅದ ಎಂದು ಉಮಾಬಾಯಿ ನಡುವೆ ಬಾಯಿ ಹಾಕಿದರು. ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದಿನಿಂದ ಒಬ್ಬ, "ದೇಸಾಯ್ರಿಗಿ ಕುರ್ಚಿ ಹಾಕ್ರೋ" ಎಂದ. ಧಮ್ಮಶೀಲಾ ತಂದೆಯ ತೋಳು ಹಿಡಿದು ಕೆಳಗೆ ಇಳಿಸಿದರು.

ಅಧಿಕಾರಿ ತಮ್ಮ ಕಾಗದದಲ್ಲಿ ಎರಡು ಪ್ರದರ್ಶನ ಎಂದು ಬರೆದರು. ಬೇಕಾದದ್ದು ಐದು. ಹೋಗುವಾಗ ಸಾಯಪ್ಪನವರ ಹತ್ತಿರ ನಿಂತು, ನಿಮ್ಮ ಪರದೆ ಬಹಳ ಚೆನ್ನಾಗಿದೆ ಎಂದು ಹೇಳಿದರು. ಮೆಚ್ಚಿಯೇ ಹೇಳಿದ್ದರು.

ಪುಸ್ತಕ ಆಗಸ್ಟಿನಲ್ಲಿ ಬಂತು. ಬಣ್ಣದ ಹಾಳೆ, ನಕ್ಷೆ, ಬಸ್ಸಿನ ವಿವರ ಎಲ್ಲ ಇದೆ. ತಾಂಡೂರ ಕಡೆಯ ಭಜನೆ ಮೇಳ ಇದೆ. ಮೊಗುಡಂಪಲ್ಲಿಯ ಪುಟದಲ್ಲಿ ಹೆದ್ದಾರಿ ಬದಿಯ ಒಂದು ಹೋಟೆಲಿನ ಹೆಸರಿದೆ. ಅಲ್ಲಿ ಶನಿವಾರ ಸಂಜೆ ಒಬ್ಬ ಕೀಬೋರ್ಡ್ ಮುಂದಿಟ್ಟುಕೊಂಡು, ರೆಕಾರ್ಡ್ ಹಚ್ಚಿ, ಸಿನಿಮಾ ಹಾಡುಗಳಿಗೆ ಬಾಯಿ ಆಡಿಸುತ್ತಾನೆ. ಹೋಟೆಲಿನವರ ಹತ್ತಿರ ಪ್ರತಿ ಶನಿವಾರದ ಫೋಟೋ ಇದ್ದವು, ತಾರೀಖು ಸಮೇತ.

ಸೆಪ್ಟೆಂಬರಿನ ಒಂದು ಬೆಳಗ್ಗೆ ಕಟ್ಟೆ ಒಡೆದರು. ಜೆಸಿಬಿಗೆ ಒಂದು ತಾಸು ಸಾಕಾಯಿತು. ಸಾಯಪ್ಪ ಮೊದಲ ಬಸ್ಸಿಗೆ ಹೋಗಿ ಎದುರು ಬದಿಯಲ್ಲಿ ನಿಂತಿದ್ದರು. ಫರಸಿ ಕಲ್ಲುಗಳನ್ನು ಬೇರೆ ಇಟ್ಟರು, ಚರಂಡಿ ಮುಚ್ಚಲು ಬರುತ್ತವೆ ಎಂದು. ಬುನಾದಿಯ ಮಣ್ಣು ಮೇಲೆ ಬಂದಾಗ ಅವರು ಒಂದು ಹೆಜ್ಜೆ ಮುಂದೆ ಹೋಗಿ ಮತ್ತೆ ಹಿಂದೆ ಬಂದರು. ವೀರಪ್ಪನವರೂ ಅಲ್ಲೇ ಇದ್ದರು, ಮೂವತ್ತೆಂಟು ವರ್ಷ ಹೀರೊ ಆಗಿ ನಿಂತ ಜಾಗ ನೋಡುತ್ತ. ಫೆಬ್ರುವರಿಯಿಂದ ಇಬ್ಬರೂ ಮಾತಾಡಿರಲಿಲ್ಲ.

"ನಿನ್ನ ಹೆಸರ ಇನ್ನಾ ಅದ ಏನೋ ಸಾಯಾ?"

"ಅದ್ರಿ ಪಟೇಲ್ರ." ಸಾಯಪ್ಪ ಜೆಸಿಬಿಯ ಸದ್ದು ಒಂದಿಷ್ಟು ಕಡಿಮೆಯಾಗಲು ಕಾದರು. "ಅದು ಕಲ್ಹೇರ್ ಕಡ್ಯಾವ್ರು ಬರದದ್ದು. ನಮ್ಮೂರಾಗ ನನ್ನ ಪರದಾ ಕಟ್ಟಿ ಇಪ್ಪತ್ತಾರು ನಾಟಕ ಆದ್ವು. ಇಪ್ಪತ್ತಾರಕ್ಕೂ ಹಗ್ಗ ನಾನೇ ಜಗ್ಗೀನಿ. ಅದರಾಗ ಒಂದಕ್ಕಾದ್ರೂ ನನ್ನ ಹೆಸರ ಬರದಿದ್ರ, ಆವತ್ತ ಖಡಿ ಬಳಿಯೋ ಮುಂದ ಅಲ್ಲೂ ಕೈ ನಿಲ್ತಿತ್ರಿ."

ವೀರಪ್ಪನವರು ಹೆಗಲ ಮೇಲಿನ ಟವಲಿನಿಂದ ಮುಖದ ಧೂಳು ಒರೆಸಿಕೊಂಡು ಮನೆಯ ಕಡೆ ನಡೆದರು.

ಈಗ ಅರಮನೆಯ ಬೆನ್ನಿಗೆ ಆ ಚೌಕದ ಮೇಲೆ ಕಪ್ಪು ಬಟ್ಟೆಯ ಒಂದು ತುಂಡು ಇದೆ. ಯಶೋಧಾ ಮೇಲಿನ ಅಂಚನ್ನು ಮಾತ್ರ ಹೊಲಿದಿದ್ದಾರೆ. ಇಳಿಬಿಟ್ಟರೆ ಬೆಳಕು ಬರುವುದಿಲ್ಲ, ಎತ್ತಿದರೆ ಹೆಸರು ಕಾಣುತ್ತದೆ. ಸುತ್ತಲೂ ಹದಿನೆಂಟು ಅಡಿ ಬಿಳಿ.

ನವೆಂಬರಿನಲ್ಲಿ ತಾಂಡೂರ ಕಡೆಯ ಒಂದು ಗಣಿಯ ಊರಿನಲ್ಲಿ ನಾಟಕ ಇತ್ತು. ಎಂಟುನೂರು ಮಂದಿ ಕೂತಿದ್ದರು. ಬೆಳಗಾದ ಮೇಲೆ, ಮುಖದ ಬಣ್ಣ ಇನ್ನೂ ಹಾಗೇ ಇದ್ದ ಹುಡುಗರು ಪರದೆಯ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಸಾಯಪ್ಪ ಅಂಗಿಯ ಜೇಬಿನಿಂದ ದಪ್ಪ ತುದಿಯ ಮಾರ್ಕರ್ ಪೆನ್ನೊಂದು ತೆಗೆದರು. ಜಹೀರಾಬಾದಿನಲ್ಲಿ ಅದಕ್ಕೆಂದೇ ಕೊಂಡದ್ದು.

"ಹಿಂದ ಬರೀತೀರೇನ್ರೋ? ಊರ, ತಾರೀಖ, ನಿಮ್ಮ ನಿಮ್ಮ ಹೆಸರ."

"ಸ್ಟೇಟಸ್ ಹಾಕೀವಿ ಕಾಕಾ" ಎಂದ ಹೀರೊ, ಫೋನಿನಿಂದ ಕಣ್ಣು ತೆಗೆಯದೆ.

ಸಾಯಪ್ಪ ಪೆನ್ನಿನ ಮುಚ್ಚಳ ಹಾಕಿದರು. ಹಗ್ಗ ಬಿಚ್ಚಿ ಅರಮನೆಯನ್ನು ನೆಲಕ್ಕೆ ಇಳಿಸಿ, ಬಿಳಿಯ ಮೈ ಒಳಗೆ ಬರುವಂತೆ ಗಳಕ್ಕೆ ಸುತ್ತತೊಡಗಿದರು.